ಜರ್ಮನಿಯಲ್ಲಿ ಒಂದು ಸೆಮಿಸ್ಟರ್: ಯಾವ ಕೆಲಸ ಮೊದಲು, ಯಾವುದು ಆಮೇಲೆ

ವಿನಿಮಯ ಸೆಮಿಸ್ಟರ್‌ಗೆ ಹೆಸರು ಕೊಡುವ ಹುಡುಗ ಹುಡುಗಿಯರು ಮೊದಲು ಕೇಳುವುದು ಖರ್ಚೆಷ್ಟು ಅಂತ. ಆಮೇಲೆ ವೀಸಾ ಸಿಗುತ್ತಾ ಅಂತ. ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಹೋಗಿ ಬಂದವರನ್ನು ಕೇಳಿ ನೋಡಿ. ಅವರು ಒದ್ದಾಡಿದ್ದು ಹೆಚ್ಚಾಗಿ ಬೇರೆ ವಿಷಯಕ್ಕೆ. ಮನೆಯ ಕಾಗದ ಇಲ್ಲ ಅಂತ ವಿಳಾಸ ನೋಂದಣಿ ಆಗಲಿಲ್ಲ, ನೋಂದಣಿ ಇಲ್ಲ ಅಂತ ಬ್ಯಾಂಕ್ ಖಾತೆ ತೆರೆಯಲಿಲ್ಲ, ಖಾತೆ ಇಲ್ಲ ಅಂತ ತಮ್ಮದೇ ದುಡ್ಡು ಕೈಗೆ ಬರಲಿಲ್ಲ. ಇಲ್ಲವೇ ವಾಪಸ್ ಬಂದ ಮೇಲೆ ಅಲ್ಲಿ ಓದಿದ ವಿಷಯಗಳನ್ನು ಇಲ್ಲಿನ ಕಾಲೇಜು ಒಪ್ಪಲಿಲ್ಲ. ಇದೆಲ್ಲ ಯಾವ ಕೆಲಸ ಯಾವಾಗ ಮಾಡಬೇಕು ಅನ್ನುವುದರ ತೊಂದರೆ. ಹಾಗಾಗಿ ಈ ಲೇಖನವನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ. ಕರ್ನಾಟಕದಲ್ಲಿ ಬಿ.ಇ. ಅಥವಾ ಬಿ.ಎಸ್ಸಿ. ಓದುತ್ತಾ, ಕಾಲೇಜಿನ ಒಪ್ಪಂದದ ಮೂಲಕ ಒಂದು ಸೆಮಿಸ್ಟರ್ ಮಾತ್ರ ಜರ್ಮನಿಗೆ ಹೋಗುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಪೂರ್ತಿ ಪದವಿಗೆ ಹೋಗುವವರ ದಾರಿ ಬೇರೆ.

ಒಂದು ವರ್ಷ ಮೊದಲು: ಯಾವ ಸೆಮಿಸ್ಟರ್?

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಕಾಗದದ ಮೇಲೆ ಅಕ್ಟೋಬರ್ 1ರಿಂದ ಮಾರ್ಚ್ 31. ಬೇಸಿಗೆಯದು ಏಪ್ರಿಲ್ 1ರಿಂದ ಸೆಪ್ಟೆಂಬರ್ 30. ಪಾಠ ಇಷ್ಟೂ ದಿನ ನಡೆಯುವುದಿಲ್ಲ. ಚಳಿಗಾಲದಲ್ಲಿ ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಮೊದಲರ್ಧದವರೆಗೆ ಪಾಠ, ಆಮೇಲೆ ಪರೀಕ್ಷೆ. ಕೆಲವು ಪರೀಕ್ಷೆಗಳು ಮಾರ್ಚ್‌ವರೆಗೂ ಎಳೆಯುತ್ತವೆ. ಅಷ್ಟು ಹೊತ್ತಿಗೆ ನಮ್ಮಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗಿ ಒಂದು ಇಂಟರ್ನಲ್ ಕೂಡ ಮುಗಿದಿರಬಹುದು. ಈ ಘರ್ಷಣೆ ಮೊದಲೇ ಗೊತ್ತಿದ್ದರೆ ಪರಿಹಾರ ಸಿಗುತ್ತದೆ. ಕೊನೆಯಲ್ಲಿ ಗೊತ್ತಾದರೆ ಕಷ್ಟ. ಎರಡೂ ಕ್ಯಾಲೆಂಡರ್ ಅಕ್ಕಪಕ್ಕ ಇಟ್ಟು ನೋಡಿ. ತಡವಾಗಿ ಬರುವ ದಿನಗಳಿಗೆ ಹಾಜರಾತಿ ವಿನಾಯಿತಿ ಕೊಡುತ್ತೇವೆ ಎಂದು ನಿಮ್ಮ ವಿಭಾಗದಿಂದ ಬರವಣಿಗೆಯಲ್ಲಿ ಪಡೆಯಿರಿ. ಬಾಯಿ ಮಾತಿನ ಭರವಸೆ ಬೇಡ. ಎಚ್‌ಒಡಿ ಬದಲಾದರೆ ಮಾತೂ ಹೋಯಿತು.

ಅಲ್ಲಿ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯ ಅಂತ ಇನ್ನೊಂದು ಬಗೆ ಇದೆ. ಜರ್ಮನರು ಫಾಕ್‌ಹೋಕ್‌ಶೂಲೆ ಅನ್ನುತ್ತಾರೆ. ಇವುಗಳ ಸೆಮಿಸ್ಟರ್ ಸ್ವಲ್ಪ ಬೇಗ ಶುರುವಾಗುತ್ತದೆ. ಎಷ್ಟೋ ಕಡೆ ಚಳಿಗಾಲದ ಪರೀಕ್ಷೆ ಫೆಬ್ರವರಿ ಆರಂಭಕ್ಕೆಲ್ಲ ಮುಗಿದಿರುತ್ತದೆ. ನಮ್ಮ ಕ್ಯಾಲೆಂಡರಿಗೆ ಇದು ಚೆನ್ನಾಗಿ ಹೊಂದುತ್ತದೆ. ಹೆಸರು ದೊಡ್ಡದಿಲ್ಲ ಅಂತ ಇವನ್ನು ಬಿಡಬೇಡಿ. ಲ್ಯಾಬ್, ಪ್ರಾಜೆಕ್ಟ್ ಇಷ್ಟಪಡುವವರಿಗೆ ಇವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಇಂಜಿನಿಯರಿಂಗ್‌ನವರಿಗೆ ಐದನೇ ಅಥವಾ ಆರನೇ ಸೆಮಿಸ್ಟರ್ ಸರಿ. ಏಳನೆಯದಕ್ಕೆ ಹೋದರೆ ಕ್ಯಾಂಪಸ್ ಪ್ಲೇಸ್‌ಮೆಂಟ್ ಕೈತಪ್ಪುತ್ತದೆ.

ಕ್ರೆಡಿಟ್: ಇದೊಂದು ಸರಿಯಾದರೆ ಅರ್ಧ ಕೆಲಸ ಮುಗಿದಂತೆ

ಯುರೋಪಿನಲ್ಲಿ ಇಸಿಟಿಎಸ್ ಅನ್ನುವ ಕ್ರೆಡಿಟ್ ಲೆಕ್ಕ ಇದೆ. ಒಂದು ಸೆಮಿಸ್ಟರಿಗೆ 30, ವರ್ಷಕ್ಕೆ 60. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಗಳ ದುಡಿಮೆ. ಕ್ಲಾಸಿನಲ್ಲಿ ಕೂತದ್ದು, ಮನೆಯಲ್ಲಿ ಓದಿದ್ದು, ಪರೀಕ್ಷೆಗೆ ತಯಾರಾದದ್ದು ಎಲ್ಲ ಸೇರಿ. ನಮ್ಮಲ್ಲಿ ಸೆಮಿಸ್ಟರಿಗೆ ಸುಮಾರು 20 ಕ್ರೆಡಿಟ್ ಇರುತ್ತದೆ. ಆದ್ದರಿಂದ ಅಲ್ಲಿನ 6 ಕ್ರೆಡಿಟ್ ವಿಷಯ ಇಲ್ಲಿನ 6 ಕ್ರೆಡಿಟ್‌ಗೆ ಸಮ ಅಲ್ಲ. ಸುಮಾರು 4 ಅಂತ ಹಿಡಿಯಬೇಕು. ನಿಮ್ಮ ಕಾಲೇಜು ಯಾವ ಸೂತ್ರ ಬಳಸುತ್ತದೆ ಅನ್ನುವುದನ್ನು ಮೊದಲೇ ಕೇಳಿಕೊಳ್ಳಿ.

ಈಗ ಮುಖ್ಯ ಕಾಗದ. ಲರ್ನಿಂಗ್ ಅಗ್ರಿಮೆಂಟ್ ಅನ್ನುತ್ತಾರೆ. ಅಲ್ಲಿ ಯಾವ ವಿಷಯ ಓದುತ್ತೀರಿ, ಅದು ಇಲ್ಲಿನ ಯಾವ ವಿಷಯದ ಬದಲಿಗೆ ಅನ್ನುವ ಪಟ್ಟಿ ಅದು. ನೀವು, ನಿಮ್ಮ ಕಾಲೇಜು, ಅಲ್ಲಿನ ವಿಶ್ವವಿದ್ಯಾಲಯ, ಮೂವರ ಸಹಿ ಬೇಕು. ಅದನ್ನು ತಯಾರಿಸುವುದು ಹೀಗೆ:

1. ಅಲ್ಲಿನ ವಿಶ್ವವಿದ್ಯಾಲಯದ ಮಾಡ್ಯೂಲ್ ಕೈಪಿಡಿ ಇಳಿಸಿಕೊಳ್ಳಿ. ಪ್ರತಿ ವಿಷಯದ ಪಠ್ಯಕ್ರಮ, ಭಾಷೆ, ಯಾವ ಸೆಮಿಸ್ಟರಿನಲ್ಲಿ ನಡೆಯುತ್ತದೆ, ಪರೀಕ್ಷೆ ಯಾವ ಬಗೆ ಅನ್ನುವುದೆಲ್ಲ ಅದರಲ್ಲಿ ಇರುತ್ತದೆ.

2. ಭಾಷೆ ನೋಡಿ. ಬ್ಯಾಚುಲರ್ ಮಟ್ಟದಲ್ಲಿ ಇಂಗ್ಲಿಷ್ ಪಾಠ ಕಡಿಮೆ, ಮಾಸ್ಟರ್ಸ್‌ನಲ್ಲಿ ಜಾಸ್ತಿ. ವಿನಿಮಯಕ್ಕೆ ಬಂದ ಬ್ಯಾಚುಲರ್ ವಿದ್ಯಾರ್ಥಿಗಳಿಗೆ ಕೆಲವು ಮಾಸ್ಟರ್ಸ್ ವಿಷಯ ತೆಗೆದುಕೊಳ್ಳಲು ಎಷ್ಟೋ ಕಡೆ ಬಿಡುತ್ತಾರೆ. ಕೇಳಿದರೆ ಮಾತ್ರ.

3. ಚಳಿಗಾಲದಲ್ಲಿ ನಡೆಯುವ ವಿಷಯ ಸಾಮಾನ್ಯವಾಗಿ ಬೇಸಿಗೆಯಲ್ಲಿ ಇರುವುದಿಲ್ಲ. ಇದನ್ನು ಗಮನಿಸದೆ ಪಟ್ಟಿ ಮಾಡಿ, ಅಲ್ಲಿ ಹೋದ ಮೇಲೆ ತಲೆ ಮೇಲೆ ಕೈ ಹೊತ್ತು ಕೂತವರು ಬೇಕಾದಷ್ಟು ಜನ.

4. ಬೇಕಾದದ್ದಕ್ಕಿಂತ ಎರಡು ವಿಷಯ ಜಾಸ್ತಿ ಒಪ್ಪಿಸಿಕೊಳ್ಳಿ. ವೇಳಾಪಟ್ಟಿ ಹೊಂದದೆ ಒಂದೆರಡು ಬಿಟ್ಟುಹೋಗುವುದು ಸಾಮಾನ್ಯ.

ನಿಮ್ಮದು ಸ್ವಾಯತ್ತ ಕಾಲೇಜಾದರೆ ವಿಷಯದ ಬದಲಾವಣೆ ಕಾಲೇಜಿನ ಮಟ್ಟದಲ್ಲೇ ತೀರ್ಮಾನವಾಗುತ್ತದೆ. ವಿಟಿಯು ಪಠ್ಯಕ್ರಮವನ್ನೇ ಹಾಗೇ ನಡೆಸುವ ಕಾಲೇಜಾದರೆ ವಿಶ್ವವಿದ್ಯಾಲಯದ ಒಪ್ಪಿಗೆಯೂ ಬೇಕಾಗುತ್ತದೆ. ಅದಕ್ಕೆ ಸಮಯ ಹಿಡಿಯುತ್ತದೆ. ಅದು ಬರುವ ಮೊದಲು ವಿಮಾನದ ಟಿಕೆಟ್ ತೆಗೆಯಬೇಡಿ.

ಅಂಕದ ಲೆಕ್ಕವೂ ತಲೆಕೆಳಗು. ಅಲ್ಲಿ 1.0 ಅತ್ಯುತ್ತಮ, 4.0 ಪಾಸು, 5.0 ಫೇಲು. ನಮ್ಮ ಅಂಕವನ್ನು ಅವರ ಅಂಕಕ್ಕೆ ಬದಲಿಸಲು ಬವೇರಿಯನ್ ಸೂತ್ರ ಅಂತ ಒಂದಿದೆ. ನಿಮ್ಮ ಗರಿಷ್ಠ ಅಂಕದಿಂದ ನೀವು ಪಡೆದ ಅಂಕ ಕಳೆಯಿರಿ. ಗರಿಷ್ಠದಿಂದ ಪಾಸು ಅಂಕ ಕಳೆದರೆ ಬರುವ ಸಂಖ್ಯೆಯಿಂದ ಅದನ್ನು ಭಾಗಿಸಿ. 3ರಿಂದ ಗುಣಿಸಿ, 1 ಕೂಡಿಸಿ. ಹತ್ತಕ್ಕೆ 8.5 ಇದ್ದು ಪಾಸು ಅಂಕ 4 ಆದರೆ 1.75 ಬರುತ್ತದೆ. ವಾಪಸ್ ಬಂದಾಗ ಇದೇ ಲೆಕ್ಕ ಉಲ್ಟಾ ನಡೆಯಬೇಕು. ಅಲ್ಲಿನ 2.0 ಇಲ್ಲಿ ಯಾವ ಗ್ರೇಡ್ ಆಗುತ್ತದೆ ಅನ್ನುವುದನ್ನೂ ಹೊರಡುವ ಮೊದಲೇ ಕಾಗದದ ಮೇಲೆ ಇರಿಸಿ. ಇಲ್ಲದಿದ್ದರೆ ಪರೀಕ್ಷಾ ವಿಭಾಗದಲ್ಲಿ ಯಾರೋ 2.0 ನೋಡಿ ಹುಬ್ಬು ಏರಿಸುತ್ತಾರೆ.

ಅರ್ಜಿ

ವಿನಿಮಯಕ್ಕೆ ನೀವೇ ನೇರ ಅರ್ಜಿ ಹಾಕುವಂತಿಲ್ಲ. ಮೊದಲು ನಿಮ್ಮ ಕಾಲೇಜು ನಿಮ್ಮ ಹೆಸರನ್ನು ಶಿಫಾರಸು ಮಾಡಬೇಕು. ಚಳಿಗಾಲದ ಸೆಮಿಸ್ಟರಿಗೆ ಇದು ಸಾಮಾನ್ಯವಾಗಿ ಏಪ್ರಿಲ್‌ನಿಂದ ಜೂನ್ ನಡುವೆ ಮುಗಿಯುತ್ತದೆ. ಒಪ್ಪಂದದ ಮೂಲಕ ಹೋದರೆ ಅಲ್ಲಿ ಬೋಧನಾ ಶುಲ್ಕ ಇರುವುದಿಲ್ಲ. ಇಲ್ಲಿನ ಕಾಲೇಜಿನ ಶುಲ್ಕ ಮಾತ್ರ ಕಟ್ಟುತ್ತಲೇ ಇರಬೇಕು. ಅಲ್ಲಿ ಸೆಮಿಸ್ಟರ್ ವಂತಿಗೆ ಅಂತ ಊರಿನ ಮೇಲೆ ಸುಮಾರು 100ರಿಂದ 350 ಯೂರೋ ಕಟ್ಟುತ್ತೀರಿ. ಎಷ್ಟೋ ಕಡೆ ಅದರಲ್ಲೇ ಬಸ್ಸು ರೈಲಿನ ಪಾಸ್ ಸೇರಿರುತ್ತದೆ.

ಧನಸಹಾಯಕ್ಕೆ ಎರಡು ಹೆಸರು ನೆನಪಿಡಿ. ಒಂದು ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಪ್ಲಸ್. 1987ರಲ್ಲಿ ಯುರೋಪಿನ ವಿದ್ಯಾರ್ಥಿಗಳಿಗಾಗಿ ಶುರುವಾದದ್ದು. ಈಗ ಭಾರತದ ಕಾಲೇಜುಗಳ ಜೊತೆಗೂ ಒಪ್ಪಂದಗಳಿವೆ. ಸಿಕ್ಕರೆ ತಿಂಗಳಿಗೆ 800ರಿಂದ 900 ಯೂರೋ ಮತ್ತು ಪ್ರಯಾಣ ವೆಚ್ಚ. ಇನ್ನೊಂದು ಡಿಎಎಡಿ, ಅಂದರೆ ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ. ಎರಡರಲ್ಲೂ ನಿಮ್ಮ ಕಾಲೇಜಿನ ಅಂತರರಾಷ್ಟ್ರೀಯ ಕಚೇರಿಯ ಮೂಲಕವೇ ವಿಚಾರಿಸಿ. ಇದಕ್ಕೆಲ್ಲ ಏಜೆಂಟ್ ಬೇಕಿಲ್ಲ. ವಿನಿಮಯ ಸೆಮಿಸ್ಟರಿಗೆ ಸರ್ವಿಸ್ ಚಾರ್ಜ್ ಕೇಳುವವರಿಂದ ದೂರ ಇರಿ.

ದುಡ್ಡು ಮತ್ತು ವೀಸಾ

90 ದಿನಕ್ಕಿಂತ ಹೆಚ್ಚು ಇರುವುದರಿಂದ ನಿಮಗೆ ಬೇಕಾದ್ದು ಷೆಂಗೆನ್ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು) ಪ್ರವಾಸಿ ವೀಸಾ ಅಲ್ಲ, ಡಿ ಮಾದರಿಯ ರಾಷ್ಟ್ರೀಯ ವೀಸಾ. ಶುಲ್ಕ 75 ಯೂರೋ. ಬೆಂಗಳೂರಿನಲ್ಲೇ ಜರ್ಮನ್ ಕಾನ್ಸುಲೇಟ್ ಇದೆ. ಪ್ರವೇಶ ಪತ್ರ ಬಂದ ದಿನವೇ ಅರ್ಜಿಯ ಕೆಲಸ ಹಿಡಿಯಿರಿ. ಜುಲೈ, ಆಗಸ್ಟ್‌ನಲ್ಲಿ ದೇಶದ ಅರ್ಧ ವಿದ್ಯಾರ್ಥಿಗಳು ಅದೇ ಸಾಲಿನಲ್ಲಿ ಇರುತ್ತಾರೆ.

ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ಮೀರಿರಬಾರದು. ಎರಡು ಖಾಲಿ ಪುಟ ಬೇಕು. ಪ್ರವೇಶ ಪತ್ರ, ನಿಮ್ಮ ಕಾಲೇಜಿನ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಅಂಕಪಟ್ಟಿ, ವಿಮೆ, ದುಡ್ಡಿನ ಪುರಾವೆ ಇರಲಿ. ಎಪಿಎಸ್ ಪ್ರಮಾಣಪತ್ರ, ಅಂದರೆ ನಿಮ್ಮ ಅಂಕಪಟ್ಟಿಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರದ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಪೂರ್ತಿ ಪದವಿಗೆ ಹೋಗುವವರ ಅನುಭವವನ್ನು ನಿಮಗೆ ಅನ್ವಯಿಸಿಕೊಳ್ಳಬೇಡಿ. ಕಾನ್ಸುಲೇಟ್ ಪ್ರಕಟಿಸುವ ದಾಖಲೆ ಪಟ್ಟಿಯಲ್ಲಿ ವಿನಿಮಯ ವಿದ್ಯಾರ್ಥಿಗಳಿಗೆ ಏನಿದೆ ಅಷ್ಟನ್ನೇ ನೋಡಿ.

ದುಡ್ಡಿನ ಪುರಾವೆಗೆ ಹೆಚ್ಚಿನವರು ಬ್ಲಾಕ್ಡ್ ಅಕೌಂಟ್ ತೆರೆಯುತ್ತಾರೆ. ನಿಮ್ಮದೇ ಹಣ, ಆದರೆ ತಿಂಗಳಿಗೆ ಇಷ್ಟು ಅಂತ ಮಾತ್ರ ಹೊರಬರುತ್ತದೆ. 2024ರ ಸೆಪ್ಟೆಂಬರ್‌ನಿಂದ ಈ ಮೊತ್ತ ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904. ಆರು ತಿಂಗಳು ಇರುವವರು ಆರು ತಿಂಗಳಿಗೆ ಇಟ್ಟರೆ ಸಾಕು, 5,952 ಯೂರೋ. ಯೂರೋಗೆ 100 ರೂಪಾಯಿ ಅಂತ ಹಿಡಿದರೂ ಆರು ಲಕ್ಷದ ಹತ್ತಿರ. ಅರ್ಜಿ ಹಾಕುವ ದಿನ ಮೊತ್ತ ಬದಲಾಗಿದೆಯಾ ಅಂತ ನೋಡಿಕೊಳ್ಳಿ. ಅಪ್ಪ ಅಮ್ಮನಿಗೆ ಇದನ್ನು ಬಿಡಿಸಿ ಹೇಳಿ, ಇದು ಶುಲ್ಕ ಅಲ್ಲ, ನಮ್ಮ ಖರ್ಚಿಗೇ ವಾಪಸ್ ಬರುವ ಹಣ ಅಂತ. ವರ್ಷದಲ್ಲಿ ಹೊರಗೆ ಕಳಿಸುವ ಒಟ್ಟು ಹಣ ಹತ್ತು ಲಕ್ಷ ದಾಟದಿದ್ದರೆ ಬ್ಯಾಂಕ್ ಟಿಸಿಎಸ್ (ಹಣ ಕಳಿಸುವಾಗಲೇ ವಸೂಲಿ ಮಾಡುವ ತೆರಿಗೆ) ಹಿಡಿಯುವುದಿಲ್ಲ. ಸ್ಕಾಲರ್‌ಶಿಪ್ ಪತ್ರ ಇದ್ದರೆ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕಾದ ಹಣದಲ್ಲಿ ಅಷ್ಟು ಮೊತ್ತ ಕಡಿಮೆಯಾಗುತ್ತದೆ.

ವೀಸಾ ಕೈಗೆ ಬಂದ ಕೂಡಲೇ ಫೋಟೋ ತೆಗೆದು ಸ್ಟೇಟಸ್ ಹಾಕುವ ಮೊದಲು ಅದರ ಮೇಲಿನ ದಿನಾಂಕ ಓದಿ. ಕೊನೆಯ ಪರೀಕ್ಷೆಯ ಮೊದಲೇ ಅದು ಮುಗಿಯುತ್ತಿದ್ದರೆ, ಅಲ್ಲಿ ಇಳಿದ ಮೇಲೆ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕಾಗುತ್ತದೆ. ಆ ಕಚೇರಿಗಳಲ್ಲಿ ದಿನಾಂಕ ಸಿಗುವುದೇ ಕಷ್ಟ. ಇಡೀ ವಾಸದ ಅವಧಿಗೆ ವೀಸಾ ಬೇಕು ಅಂತ ಅರ್ಜಿಯಲ್ಲೇ ದಿನಾಂಕ ಸಮೇತ ಬರೆಯಿರಿ.

ಮನೆ

ಇದಕ್ಕೆ ವೀಸಾ ಬರಲಿ ಅಂತ ಕಾಯಬೇಡಿ. ಅಕ್ಟೋಬರ್‌ನಲ್ಲಿ ಎಲ್ಲ ಊರಿಗೂ ಹೊಸ ವಿದ್ಯಾರ್ಥಿಗಳು ಬರುತ್ತಾರೆ, ಕೋಣೆ ಸಿಗುವುದಿಲ್ಲ. ಮೊದಲ ಆಯ್ಕೆ ಸ್ಟುಡೀರೆಂಡನ್‌ವೆರ್ಕ್ ಅನ್ನುವ ವಿದ್ಯಾರ್ಥಿ ಸೇವಾ ಸಂಸ್ಥೆ ನಡೆಸುವ ವಿದ್ಯಾರ್ಥಿ ನಿಲಯ. ಬಾಡಿಗೆ ಹೆಚ್ಚಿನ ಊರುಗಳಲ್ಲಿ 250ರಿಂದ 400 ಯೂರೋ. ಮ್ಯೂನಿಕ್‌ನಲ್ಲಿ ಖಾಸಗಿ ಕೋಣೆಗೆ ಹೋದರೆ ಇದರ ಎರಡರಷ್ಟು. ಕೆಮ್ನಿಟ್ಸ್, ಮಾಗ್ಡೆಬುರ್ಗ್, ಡ್ರೆಸ್ಡನ್ ಥರದ ಪೂರ್ವದ ಊರುಗಳು ಅಗ್ಗ. ವಿಶ್ವವಿದ್ಯಾಲಯ ಆರಿಸುವಾಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಜಾಣತನ.

ನಿಲಯ ಸಿಗದಿದ್ದರೆ ಹಂಚಿಕೊಳ್ಳುವ ಮನೆ. ಅದನ್ನು ಅಲ್ಲಿ ವೇ‌ಗೇ ಅನ್ನುತ್ತಾರೆ. ಒಂದು ಸೆಮಿಸ್ಟರಿಗೆ ಹೋಗುವವರು ಹುಡುಕಬೇಕಾದ್ದು ತಾತ್ಕಾಲಿಕ ಒಳಬಾಡಿಗೆ, ಅಂದರೆ ಟ್ಸ್ವಿಶನ್‌ಮೀಟೆ. ಅಲ್ಲಿನ ವಿದ್ಯಾರ್ಥಿಗಳೂ ವಿನಿಮಯಕ್ಕೆ ಬೇರೆ ದೇಶಕ್ಕೆ ಹೋಗುತ್ತಾರಲ್ಲ, ಅವರ ಕೋಣೆ ಅಷ್ಟು ತಿಂಗಳು ಖಾಲಿ. ಮಂಚ, ಮೇಜು, ಪಾತ್ರೆ ಎಲ್ಲ ಇರುತ್ತದೆ.

ಜಾಹೀರಾತಿನಲ್ಲಿ ಎರಡು ಬಾಡಿಗೆ ಕಾಣುತ್ತದೆ. ಕಾಲ್ಟ್‌ಮೀಟೆ ಅಂದರೆ ಬರೀ ಕೋಣೆಯ ಬಾಡಿಗೆ. ವಾರ್ಮ್‌ಮೀಟೆ ಅಂದರೆ ಹೀಟಿಂಗ್, ನೀರು ಇತ್ಯಾದಿ ಸೇರಿ. ಎರಡನೆಯದನ್ನೇ ಲೆಕ್ಕ ಹಾಕಿ. ಮುಂಗಡ ಕಾನೂನಿನ ಪ್ರಕಾರ ಮೂರು ತಿಂಗಳ ಬರೀ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಸ್ವರ್ಗ.

ಮೋಸದ ರೀತಿ ಯಾವಾಗಲೂ ಒಂದೇ. ಮಾಲೀಕರು ಬೇರೆ ದೇಶದಲ್ಲಿ ಇದ್ದಾರೆ, ದುಡ್ಡು ಹಾಕಿದರೆ ಕೀಲಿಯನ್ನು ಅಂಚೆಯಲ್ಲಿ ಕಳಿಸುತ್ತಾರೆ, ಕೋಣೆ ಊರಿನ ಮಧ್ಯದಲ್ಲಿದೆ, ಬಾಡಿಗೆ ಅರ್ಧ ಬೆಲೆ. ಹೀಗಿದ್ದರೆ ಉತ್ತರವನ್ನೂ ಬರೆಯಬೇಡಿ. ಒಳ್ಳೆಯ ಕೋಣೆಯಾದರೂ ಹಣ ಕೊಡುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಈ ವಿಳಾಸದಲ್ಲಿ ನನಗೆ ನೋಂದಣಿ ಮಾಡಿಸಲು ಮಾಲೀಕರ ದೃಢೀಕರಣ ಪತ್ರ ಕೊಡುತ್ತೀರಾ? ಇಲ್ಲ ಅಂದರೆ ಆ ಕೋಣೆ ಬೇಡ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಪೆಟ್ಟಿಗೆಯಲ್ಲಿ ಏನು

ಹೆಚ್ಚಿನ ಟಿಕೆಟ್‌ಗಳಲ್ಲಿ ಒಂದು ಪೆಟ್ಟಿಗೆಗೆ 23 ಕಿಲೋ ಮಿತಿ. ಅಮ್ಮ ತುಂಬಿಸಲು ಶುರುಮಾಡುವ ಮೊದಲು ಅವರಿಗೆ ಒಂದು ನಿಯಮ ಹೇಳಿ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ತುಪ್ಪ, ಪನೀರ್, ಹಾಲಿನ ಪುಡಿ ಬೇಡ. ಹಸಿ ಕರಿಬೇವೂ ಇಲ್ಲ, ಗಿಡದ ಭಾಗಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತಮಾಷೆ ಅಂದರೆ ತೆಂಗಿನಕಾಯಿ ಮತ್ತು ಬಾಳೆಹಣ್ಣಿಗೆ ಈ ನಿಯಮದಿಂದ ವಿನಾಯಿತಿ ಇದೆ. ಹೊತ್ತುಕೊಂಡು ಹೋಗಬೇಕಾದ್ದೇನೂ ಇಲ್ಲ, ಸುಮ್ನೆ ಹೇಳಿದೆ.

ತೆಗೆದುಕೊಂಡು ಹೋಗಬೇಕಾದ್ದು ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ರಾಗಿ ಹಿಟ್ಟು ಎರಡು ಕಿಲೋ. ಅಕ್ಕಿ, ಬೇಳೆ ಬೇಡ. ಕೆಂಪು ತೊಗರಿ ಥರ ಕಾಣುವ ಮಸೂರ್ ಬೇಳೆ, ಕಡಲೆಕಾಳು, ಬೆಂಡೆಕಾಯಿ, ಬದನೆಕಾಯಿ, ಕೊತ್ತಂಬರಿ ಸೊಪ್ಪು ಟರ್ಕಿಯವರ ಅಂಗಡಿಗಳಲ್ಲಿ ಸಿಗುತ್ತವೆ. ತೊಗರಿಬೇಳೆ, ಸೋನಾ ಮಸೂರಿಗೆ ಭಾರತೀಯರ ಅಂಗಡಿ. ಸಣ್ಣ ಪ್ರೆಷರ್ ಕುಕ್ಕರ್ ಒಯ್ಯಿರಿ, ಇಂಡಕ್ಷನ್ ತಳ ಇರುವುದು. ಅದರ ಸೀಟಿ ಕೇಳಿ ಜೊತೆಯವರು ಗಾಬರಿಯಾಗಬಹುದು, ಮೊದಲೇ ಹೇಳಿಬಿಡಿ.

ವಿದ್ಯುತ್ ನಮ್ಮ ಹಾಗೇ 230 ವೋಲ್ಟ್. ಪರಿವರ್ತಕ ಬೇಡ. ಎರಡು ತೆಳು ಪಿನ್ನಿನ ಚಾರ್ಜರ್ ಹಾಗೇ ಹಿಡಿಯುತ್ತದೆ. ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು. ಒಂದು ಅಡಾಪ್ಟರ್, ಒಂದು ಭಾರತದ ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಸಾಕು.

ದಪ್ಪ ಕೋಟನ್ನು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕೊಳ್ಳಬೇಡಿ. ಜರ್ಮನಿಯ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅದಕ್ಕಿಂತ ಒಳ್ಳೆಯದು ಕಡಿಮೆ ಬೆಲೆಗೆ ಸಿಗುತ್ತದೆ. ಇಲ್ಲಿಂದ ಥರ್ಮಲ್ ಒಳಉಡುಪು, ಒಂದು ಜಾಕೆಟ್ ಸಾಕು. ನೀರು ಹೀರದ ಶೂ ಮಾತ್ರ ಮೊದಲ ವಾರವೇ ತೆಗೆದುಕೊಳ್ಳಿ. ಅಲ್ಲಿ ಚಳಿಗಿಂತ ಒದ್ದೆ ಕಾಲು ಕಾಡುತ್ತದೆ.

ದಿನವೂ ತೆಗೆದುಕೊಳ್ಳುವ ಮಾತ್ರೆ ಇದ್ದರೆ ವೈದ್ಯರ ಚೀಟಿ ಸಮೇತ ಒಯ್ಯಿರಿ. ಅಲ್ಲಿ ಪ್ಯಾರಸಿಟಮಾಲ್ ಕೂಡ ಔಷಧದ ಅಂಗಡಿಯಲ್ಲಿ ಮಾತ್ರ. ಆಂಟಿಬಯಾಟಿಕ್ ಚೀಟಿ ಇಲ್ಲದೆ ಸಿಗುವುದೇ ಇಲ್ಲ.

ಇಳಿದ ಮೊದಲ ಎರಡು ವಾರ

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ, ಮ್ಯೂನಿಕ್‌ಗೆ ನೇರ ವಿಮಾನಗಳಿವೆ. ಲಂಡನ್ ಮೂಲಕ ಅಗ್ಗದ ಟಿಕೆಟ್ ಕಂಡರೆ ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ನಿಯಮ ಮೊದಲು ನೋಡಿ. ಶನಿವಾರ ಸಂಜೆ ಅಥವಾ ಭಾನುವಾರ ಇಳಿಯಬೇಡಿ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ನಿಲಯದ ಕೀಲಿ ಕೊಡುವವರೂ ಇರುವುದಿಲ್ಲ. ಮಂಗಳವಾರ, ಬುಧವಾರ ಒಳ್ಳೆಯದು. ಕೈಯಲ್ಲಿ ಇನ್ನೂರು ಮುನ್ನೂರು ಯೂರೋ ನಗದು ಇರಲಿ. ಯುಪಿಐ ಮರೆತುಬಿಡಿ. ಸಣ್ಣ ಅಂಗಡಿಗಳಲ್ಲಿ ಕಾರ್ಡೂ ನಡೆಯದೆ ಇರಬಹುದು.

ಈಗ ಕೆಲಸಗಳ ಸರಪಳಿ. ಇದನ್ನು ಇದೇ ಸಾಲಿನಲ್ಲಿ ಮಾಡಿ.

ಮೊದಲು ಕೀಲಿಯ ಜೊತೆಗೇ ಮಾಲೀಕರ ದೃಢೀಕರಣ ಪತ್ರ ಕೇಳಿ ಪಡೆಯಿರಿ. ಜರ್ಮನ್ ಹೆಸರು ಉದ್ದ, ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್. ಹೇಳಲು ಬರದಿದ್ದರೆ ಫೋನಿನಲ್ಲಿ ಬರೆದು ತೋರಿಸಿ. ಅದು ಇದ್ದರೆ ಮಾತ್ರ ಊರಿನ ನಾಗರಿಕ ಕಚೇರಿಯಲ್ಲಿ ವಿಳಾಸ ನೋಂದಣಿ. ಅದನ್ನು ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆಗೆ ಹೋದ ಎರಡು ವಾರದೊಳಗೆ ಮಾಡಬೇಕು ಅಂತ ಕಾನೂನು ಇದೆ. ದೊಡ್ಡ ಊರುಗಳಲ್ಲಿ ದಿನಾಂಕ ಸಿಗಲು ವಾರಗಳೇ ಆಗುತ್ತವೆ. ಹಾಗಾಗಿ ಇಲ್ಲಿಂದ ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ದಿನಾಂಕ ಹಿಡಿದಿಡಿ. ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ರದ್ದಾದ ದಿನಾಂಕಗಳು ಕಾಣಿಸಿಕೊಳ್ಳುತ್ತವೆ.

ನೋಂದಣಿಯ ಕಾಗದ ಸಿಕ್ಕ ಮೇಲೆ ಬ್ಯಾಂಕ್ ಖಾತೆ. ಖಾತೆ ತೆರೆದ ಮೇಲೆ ಬ್ಲಾಕ್ಡ್ ಅಕೌಂಟಿನವರಿಗೆ ಆ ಸಂಖ್ಯೆ ಕೊಡಿ. ಆಮೇಲೆ ತಿಂಗಳ ಹಣ ಬರುತ್ತದೆ. ಮೊದಲ ಕಂತು ಬರುವವರೆಗೆ ಬಾಡಿಗೆ, ಮುಂಗಡ, ಊಟ ಎಲ್ಲದಕ್ಕೂ ಬೇರೆ ಹಣ ಬೇಕು. ಫಾರೆಕ್ಸ್ ಕಾರ್ಡಿನಲ್ಲಿ ಒಂದೂವರೆ ಸಾವಿರ ಯೂರೋ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ.

ಪಕ್ಕದಲ್ಲೇ ಇನ್ನೊಂದು ಸರಪಳಿ ನಡೆಯುತ್ತದೆ. ಆರೋಗ್ಯ ವಿಮೆ ಇಲ್ಲದೆ ವಿಶ್ವವಿದ್ಯಾಲಯ ನಿಮ್ಮನ್ನು ದಾಖಲಿಸಿಕೊಳ್ಳುವುದಿಲ್ಲ. 30 ವರ್ಷದೊಳಗಿನವರಿಗೆ ಸಾರ್ವಜನಿಕ ವಿಮೆಯಲ್ಲಿ ವಿದ್ಯಾರ್ಥಿ ದರ ಇದೆ, ತಿಂಗಳಿಗೆ 140 ಯೂರೋ ಮೇಲೆ. ವಿಮೆ ಕಂಪನಿಯೇ ವಿಶ್ವವಿದ್ಯಾಲಯಕ್ಕೆ ಆನ್‌ಲೈನ್‌ನಲ್ಲಿ ತಿಳಿಸುತ್ತದೆ. ಅದಾದ ಮೇಲೆ ದಾಖಲಾತಿ, ವಿದ್ಯಾರ್ಥಿ ಕಾರ್ಡು, ಸೆಮಿಸ್ಟರ್ ಪಾಸ್. ವಿಮೆಯ ಅರ್ಜಿಯನ್ನು ಬೆಂಗಳೂರಿನಿಂದಲೇ ಹಾಕಬಹುದು. ಅಗ್ಗದ ಖಾಸಗಿ ವಿಮೆ ತೋರಿಸಿ ಆಸೆ ಹುಟ್ಟಿಸುವವರಿದ್ದಾರೆ. ವಿಶ್ವವಿದ್ಯಾಲಯ ಅದನ್ನು ಒಪ್ಪುತ್ತದಾ ಅಂತ ಕೇಳದೆ ಕೊಳ್ಳಬೇಡಿ.

ನೋಂದಣಿ ಆದ ಸ್ವಲ್ಪ ದಿನಕ್ಕೆ ಒಂದು ಕಾಗದ ಬರುತ್ತದೆ, ರೇಡಿಯೋ ಟಿವಿ ವಂತಿಗೆ ತಿಂಗಳಿಗೆ 18.36 ಯೂರೋ ಕಟ್ಟಿ ಅಂತ. ಟಿವಿ ಇಲ್ಲ ಅಂದರೂ ಬಿಡುವುದಿಲ್ಲ. ಅದು ಮನೆಗೆ ಒಂದು ಲೆಕ್ಕ. ಹಂಚಿಕೊಂಡ ಮನೆಯಲ್ಲಿ ಯಾರೋ ಈಗಾಗಲೇ ಕಟ್ಟುತ್ತಿದ್ದರೆ ಅವರ ವಂತಿಗೆ ಸಂಖ್ಯೆ ಕೊಟ್ಟರೆ ಸಾಕು. ಕಾಗದವನ್ನು ಮಾತ್ರ ಕಸದ ಬುಟ್ಟಿಗೆ ಹಾಕಬೇಡಿ. ಜರ್ಮನಿಯಲ್ಲಿ ಅಂಚೆ ಪೆಟ್ಟಿಗೆ ಇಮೇಲಿಗಿಂತ ಮುಖ್ಯ. ಅದರ ಮೇಲೆ ನಿಮ್ಮ ಹೆಸರು ಅಂಟಿಸದಿದ್ದರೆ ಬ್ಯಾಂಕ್ ಕಾರ್ಡು ಕೂಡ ವಾಪಸ್ ಹೋಗುತ್ತದೆ.

ಪಾಠ ಮತ್ತು ಪರೀಕ್ಷೆ

ವೇಳಾಪಟ್ಟಿಯಲ್ಲಿ 10 ಸಿ.ಟಿ. ಅಂತ ಇದ್ದರೆ ಪಾಠ ಹತ್ತೂಕಾಲಿಗೆ. ಎಸ್.ಟಿ. ಅಂತ ಇದ್ದರೆ ಹತ್ತು ಅಂದರೆ ಹತ್ತೇ. ಪಾಠ ಮುಗಿದಾಗ ಎಲ್ಲರೂ ಮೇಜನ್ನು ಗೆಣ್ಣಿನಿಂದ ಕುಟ್ಟುತ್ತಾರೆ, ಅದು ಚಪ್ಪಾಳೆಯ ಬದಲು. ನೀವೂ ಕುಟ್ಟಿ.

ನಮ್ಮ ಕಡೆಯ ಮಕ್ಕಳಿಗೆ ಅಲ್ಲಿ ದೊಡ್ಡ ಅಪಾಯ ಸ್ವಾತಂತ್ರ್ಯ. ಹೆಚ್ಚಿನ ಪಾಠಗಳಿಗೆ ಹಾಜರಾತಿ ಇಲ್ಲ. 75 ಪರ್ಸೆಂಟ್ ಗೋಳಿಲ್ಲ. ಇಂಟರ್ನಲ್ ಇಲ್ಲ, ಅಸೈನ್‌ಮೆಂಟ್ ಕೇಳುವವರಿಲ್ಲ. ನವೆಂಬರ್ ಪೂರ್ತಿ ಯಾರೂ ಏನೂ ಕೇಳುವುದಿಲ್ಲ. ಆಮೇಲೆ ಫೆಬ್ರವರಿಯಲ್ಲಿ ಒಂದೇ ಪರೀಕ್ಷೆ, ಪೂರ್ತಿ ಅಂಕ ಅದಕ್ಕೇ. ಇಂಟರ್ನಲ್ ಅಂಕದ ಆಸರೆಯಲ್ಲಿ ಪಾಸಾಗಿ ಅಭ್ಯಾಸ ಇರುವವರು ಅಲ್ಲಿ ಜಾರುತ್ತಾರೆ. ಪ್ರತಿ ವಾರದ ಅಭ್ಯಾಸ ಲೆಕ್ಕಗಳ ತರಗತಿ ಇರುತ್ತದೆ. ಅದು ಐಚ್ಛಿಕ ಅನ್ನಿಸಿದರೂ ಬಿಡಬೇಡಿ. ಪರೀಕ್ಷೆಯ ಪ್ರಶ್ನೆಗಳ ಧಾಟಿ ಅಲ್ಲೇ ಗೊತ್ತಾಗುವುದು.

ಎಲ್ಲಕ್ಕಿಂತ ಮುಖ್ಯವಾದ ಮಾತು. ಪಾಠಕ್ಕೆ ಹೆಸರು ಹಾಕಿದರೆ ಪರೀಕ್ಷೆಗೆ ಹೆಸರು ಹಾಕಿದಂತೆ ಅಲ್ಲ. ಪರೀಕ್ಷೆಗೆ ಬೇರೆಯೇ ನೋಂದಣಿ ಇದೆ, ಅದಕ್ಕೆ ಬೇರೆಯೇ ಕೊನೆಯ ದಿನಾಂಕ. ಸೆಮಿಸ್ಟರ್ ಅರ್ಧ ಕಳೆದಾಗ, ಡಿಸೆಂಬರ್ ಆಸುಪಾಸಿನಲ್ಲಿ, ಯಾವುದೋ ಪೋರ್ಟಲಿನಲ್ಲಿ ಅದು ಬಂದು ಹೋಗುತ್ತದೆ. ನಮ್ಮಲ್ಲಿ ದಂಡ ಕಟ್ಟಿದರೆ ಆಗುತ್ತದೆ. ಅಲ್ಲಿ ಆಗುವುದಿಲ್ಲ. ಮೊದಲ ವಾರವೇ ಪ್ರತಿ ವಿಷಯದ ನೋಂದಣಿ ದಿನಾಂಕ, ಹಿಂದೆ ಸರಿಯುವ ಕೊನೆಯ ದಿನಾಂಕ ಬರೆದು ಗೋಡೆಗೆ ಅಂಟಿಸಿ. ಪರೀಕ್ಷೆಯ ದಿನ ಜ್ವರ ಬಂದರೆ ಅದೇ ದಿನ ವೈದ್ಯರ ಪ್ರಮಾಣಪತ್ರ ಬೇಕು. ಫೇಲಾದರೆ ಅಲ್ಲಿನವರಿಗೆ ಮತ್ತೆ ಅವಕಾಶ ಇದೆ. ನೀವು ಆಗ ಊರಿಗೆ ಬಂದಿರುತ್ತೀರಿ.

ಲರ್ನಿಂಗ್ ಅಗ್ರಿಮೆಂಟಿನ ವಿಷಯ ಬದಲಾದರೆ ಮೊದಲ ತಿಂಗಳೊಳಗೆ ತಿದ್ದಿದ ಪ್ರತಿಗೆ ಮತ್ತೆ ಮೂರು ಸಹಿ ಹಾಕಿಸಿ. ಇಲ್ಲಿನ ಕಾಲೇಜಿನಿಂದ ಸಹಿ ತರಿಸಲು ಜೂನಿಯರ್ ಒಬ್ಬರನ್ನು ಗೊತ್ತು ಮಾಡಿಟ್ಟಿರಿ. ಇಮೇಲ್ ನಂಬಿ ಕೂತರೆ ದಸರಾ ರಜೆ ಮುಗಿದು ದೀಪಾವಳಿ ಬರುತ್ತದೆ.

ಪ್ರೊಫೆಸರ್‌ಗೆ ಬರೆಯುವಾಗ ಸರ್, ಮ್ಯಾಡಂ ಅಲ್ಲ, ಪ್ರೊಫೆಸರ್ ಅಂತ ಸೇರಿಸಿ ಮನೆತನದ ಹೆಸರು. ಭೇಟಿಗೆ ನಿಗದಿತ ಗಂಟೆ ಇರುತ್ತದೆ. ಪ್ರಶ್ನೆ ಕೇಳಿದರೆ ಸಂತೋಷಪಡುತ್ತಾರೆ.

ದಿನನಿತ್ಯ

ಊಟಕ್ಕೆ ಮೆನ್ಸಾ, ಅಂದರೆ ವಿದ್ಯಾರ್ಥಿ ಕ್ಯಾಂಟೀನ್. ಸಸ್ಯಾಹಾರ ದಿನವೂ ಇರುತ್ತದೆ, ಅಗ್ಗವೂ ಹೌದು. ಖಾರ ಇರುವುದಿಲ್ಲ, ಚಟ್ನಿಪುಡಿ ಚೀಲದಲ್ಲಿರಲಿ. ಬಾಟಲಿ ಎಸೆಯಬೇಡಿ. ಪ್ಲಾಸ್ಟಿಕ್ ಬಾಟಲಿ, ಕ್ಯಾನಿನ ಮೇಲೆ 25 ಸೆಂಟ್ ಠೇವಣಿ ಇದೆ, ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸ್. ರಾತ್ರಿ ಹತ್ತರ ಮೇಲೆ ಮತ್ತು ಭಾನುವಾರ ಸದ್ದು ಮಾಡುವಂತಿಲ್ಲ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ. ತುರ್ತಿಗೆ 112, ಪೊಲೀಸ್ 110. ರಾತ್ರಿ ಜ್ವರ ಬಂದು ತುರ್ತು ಅಲ್ಲ ಅನ್ನಿಸಿದರೆ 116117.

ಡಿಸೆಂಬರ್‌ನಲ್ಲಿ ಬರ್ಲಿನ್ ಕಡೆ ಮಧ್ಯಾಹ್ನ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ. ಮನಸ್ಸು ಮಂಕಾಗುವುದು ಸಹಜ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಬದಲಾಗಿ, ನಮಗೂ ಅವರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ ಆಗುತ್ತದೆ. ಅಲ್ಲಿ ರಾತ್ರಿ ಎಂಟಕ್ಕೆ ಫೋನ್ ಮಾಡಿದರೆ ಇಲ್ಲಿ ಹನ್ನೆರಡೂವರೆ. ಮನೆಯವರ ಜೊತೆ ಮಾತಿಗೆ ಅಲ್ಲಿನ ಮಧ್ಯಾಹ್ನ ಮೂರು ಗಂಟೆ ಗೊತ್ತು ಮಾಡಿಕೊಳ್ಳಿ. ಫ್ರಾಂಕ್‌ಫರ್ಟ್, ಮ್ಯೂನಿಕ್ ಕಡೆ ಕನ್ನಡ ಸಂಘಗಳಿವೆ. ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಹೋದರೆ ಬಿಸಿಬೇಳೆಬಾತ್ ಸಿಗುವ ಸಂಭವ ಹೆಚ್ಚು. ಆದರೆ ವಾಸಕ್ಕೆ ನಮ್ಮವರ ಗುಂಪನ್ನೇ ಹುಡುಕಬೇಡಿ. ಬೇರೆ ದೇಶದವರ ಜೊತೆ ಒಂದು ಅಡುಗೆಮನೆ ಹಂಚಿಕೊಂಡರೆ ಕಲಿಯುವ ಭಾಷೆ, ಜಗಳ, ಸ್ನೇಹ ಯಾವ ಕೋರ್ಸಿನಲ್ಲೂ ಇಲ್ಲ. ಹೊರಡುವ ಮೊದಲು ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಕಾಲೇಜಿನಲ್ಲೋ ಎ1, ಅಂದರೆ ಮೊದಲ ಹಂತದ ಜರ್ಮನ್ ಮುಗಿಸಿದರೆ ಇದೆಲ್ಲ ಸಲೀಸು.

ಸುತ್ತಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ಇದೆ. ಇಡೀ ದೇಶದ ಬಸ್ಸು, ಟ್ರಾಮು, ಪ್ರಾದೇಶಿಕ ರೈಲು ಅದರಲ್ಲಿ ಸೇರಿವೆ. ವೇಗದ ಐಸಿಇ ರೈಲು ಇಲ್ಲ. ಹಲವು ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ವಂತಿಗೆಯಲ್ಲೇ ಇದು ಬರುತ್ತದೆ. ನಿಮ್ಮ ಡಿ ವೀಸಾದಲ್ಲಿ ಉಳಿದ ಷೆಂಗೆನ್ ದೇಶಗಳಿಗೆ ಯಾವುದೇ 180 ದಿನದಲ್ಲಿ 90 ದಿನ ಹೋಗಬಹುದು. ಬ್ರಿಟನ್, ಐರ್ಲೆಂಡ್‌ಗೆ ಆಗುವುದಿಲ್ಲ. ಪಾಸ್‌ಪೋರ್ಟ್ ಜೊತೆಯಲ್ಲೇ ಇರಲಿ, ರೈಲಿನಲ್ಲೂ ತಪಾಸಣೆ ಇರುತ್ತದೆ. ಟ್ಯೂಬಿಂಗನ್ ಕಡೆ ಹೋದರೆ ನೆನಪಿರಲಿ, ಕನ್ನಡ ನಿಘಂಟಿನ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ.

ವಾಪಸ್ ಹೊರಡುವ ಮೊದಲು

ಕೊನೆಯ ಪರೀಕ್ಷೆಯ ಮರುದಿನವೇ ವಿಮಾನ ಹತ್ತಬೇಡಿ. ಒಂದು ವಾರ ಬೇಕು. ಕೋಣೆ ಬಿಡುವ ನೋಟಿಸ್ ಒಪ್ಪಂದದಲ್ಲಿ ಇರುವಷ್ಟು ಮೊದಲೇ ಕೊಟ್ಟಿರಬೇಕು. ಕೀಲಿ ಕೊಡುವ ದಿನ ಕೋಣೆಯ ಫೋಟೋ ತೆಗೆದು, ಮಾಲೀಕರ ಜೊತೆ ನಿಂತು ಹಸ್ತಾಂತರದ ಕಾಗದಕ್ಕೆ ಸಹಿ ಹಾಕಿಸಿ. ಮುಂಗಡ ವಾಪಸ್ ಬರಲು ತಿಂಗಳುಗಳು ಹಿಡಿಯಬಹುದು. ಅದು ಬರುವವರೆಗೆ ಜರ್ಮನ್ ಬ್ಯಾಂಕ್ ಖಾತೆ ಮುಚ್ಚಬೇಡಿ.

ನಾಗರಿಕ ಕಚೇರಿಯಲ್ಲಿ ವಿಳಾಸ ರದ್ದು ಮಾಡಿಸಿ. ಹೊರಡುವ ಒಂದು ವಾರ ಮೊದಲಿನಿಂದ ಇದು ಆಗುತ್ತದೆ. ಆ ಕಾಗದದ ಪ್ರತಿ ತೋರಿಸಿದರೇನೇ ವಿಮೆ, ರೇಡಿಯೋ ವಂತಿಗೆ, ಫೋನ್ ಒಪ್ಪಂದ ನಿಲ್ಲುವುದು. ಇಲ್ಲದಿದ್ದರೆ ಊರಿಗೆ ಬಂದ ಮೇಲೂ ಬಿಲ್ಲು ಬೆಳೆಯುತ್ತಿರುತ್ತದೆ.

ಅಂಕಪಟ್ಟಿ ಕೈಯಲ್ಲಿ ಹಿಡಿದು ಬರುವ ಹಾಗಿಲ್ಲ. ಅಂಕಗಳು ಪರೀಕ್ಷೆಯಾಗಿ ವಾರಗಳ ಮೇಲೆ ಬರುತ್ತವೆ. ಅಲ್ಲಿನ ಅಂತರರಾಷ್ಟ್ರೀಯ ಕಚೇರಿಗೆ ಹೋಗಿ, ಅಂಕಪಟ್ಟಿಯನ್ನು ನೇರ ನಿಮ್ಮ ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಕಳಿಸಲು ಹೇಳಿ, ಪ್ರತಿಯನ್ನು ನಿಮಗೂ. ನೀವು ಇದ್ದಿರಿ ಅನ್ನುವುದಕ್ಕೆ ಬಂದ ಮತ್ತು ಹೊರಟ ದಿನಾಂಕದ ದೃಢೀಕರಣ ಪತ್ರವನ್ನೂ ಆಗಲೇ ಪಡೆಯಿರಿ, ಹಾಜರಾತಿ ವಿನಾಯಿತಿಗೆ ಅದೇ ಆಧಾರ. ವಿಶ್ವವಿದ್ಯಾಲಯದ ಇಮೇಲ್ ಕೆಲವು ತಿಂಗಳಲ್ಲಿ ಮುಚ್ಚಿಹೋಗುತ್ತದೆ. ಮಾಡ್ಯೂಲ್ ಕೈಪಿಡಿಯ ಪುಟಗಳು, ಸಹಿಯಾದ ಲರ್ನಿಂಗ್ ಅಗ್ರಿಮೆಂಟ್, ಪ್ರೊಫೆಸರ್‌ಗಳ ಜೊತೆಗಿನ ಪತ್ರಗಳು ಎಲ್ಲವನ್ನೂ ಅದಕ್ಕೂ ಮೊದಲು ನಿಮ್ಮ ಸ್ವಂತ ಇಮೇಲಿಗೆ ಕಳಿಸಿಕೊಳ್ಳಿ. ಊರಿಗೆ ಬಂದ ಮೊದಲ ವಾರವೇ ಆ ಕಾಗದಗಳ ಒಂದು ಕಂತೆಯನ್ನು ವಿಭಾಗಕ್ಕೆ, ಇನ್ನೊಂದನ್ನು ಪರೀಕ್ಷಾ ವಿಭಾಗಕ್ಕೆ ಕೊಟ್ಟು, ಎರಡಕ್ಕೂ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.